ಹಣೆಯ ಚರ್ಮ, ಹೊಸ ಮೂಗು

ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಗೆ ಮೂರನೆಯ ಮೈಸೂರು ಯುದ್ಧದ ನಂಟಿದೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲಿನಿಂದ ಬೆಂಗಳೂರು ಪೇಟೆಗೆ ನುಗ್ಗಿತು. ಮರುವರ್ಷ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುವಾಳು ಕವಾಸ್‌ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ.

ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಆದರೆ ಪುಣೆಯ ಬಳಿ ಇಟ್ಟಿಗೆ ಕಸುಬಿನ ಜಾತಿಯವನೊಬ್ಬ ಕವಾಸ್‌ಜಿಗೆ ಹಣೆಯ ಚರ್ಮವನ್ನು ಬಳಸಿದ. ಮೇಣದ ತೆಳು ಹಾಳೆಯಿಂದ ಅಳತೆ ತೆಗೆದು, ಚರ್ಮ ಬಿಡಿಸಿ, ರಕ್ತ ಹರಿಯಲು ಹುಬ್ಬುಗಳ ನಡುವೆ ಒಂದು ಪಟ್ಟಿ ಉಳಿಸಿ, ಕೆಳಕ್ಕೆ ತಿರುಗಿಸಿ ಕಾಚಿನಿಂದ ಅಂಟಿಸಿದ.

1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಇದನ್ನು ಚಿತ್ರಸಹಿತ ಪ್ರಕಟಿಸಿತು. ಅಲ್ಲಿ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದೇ ಕ್ರಮ ಅನುಸರಿಸಿ, 1816ರಲ್ಲಿ ಗ್ರಂಥ ಪ್ರಕಟಿಸಿದ. ಈ ವಿಧಾನ ಇಂದಿಗೂ ಬಳಕೆಯಲ್ಲಿದೆ; ಅದರ ಕೀರ್ತಿ ಆ ಇಟ್ಟಿಗೆ ಕಸುಬಿನವನಿಗೂ ಸಲ್ಲಬೇಕು.