ಎಡೆದೊರೆ ನಾಡಿನಲ್ಲಿ ಶಾಲಾಪರೀಕ್ಷೆ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಚರಿತ್ರೆಯನ್ನು ಬರೆದವರು ಅಲ್ಲಿಯ ಶಾಸನಗಳನ್ನೂ ಅರಸುಮನೆತನಗಳ ಕಾಳಗಗಳನ್ನೂ ವಿಸ್ತಾರವಾಗಿ ವಿವೇಚಿಸಿರುವರು. ಆದರೆ ಆ ನಾಡಿನ ಮಕ್ಕಳ ಕಲಿಕೆಯನ್ನು ಯಾವ ಕಾಲದಲ್ಲಿ ಯಾರು ಯಾವ ಅಳತೆಗೋಲಿನಿಂದ ಅಳೆದರೆಂಬ ವಿಷಯವು ಅಷ್ಟಾಗಿ ಚರ್ಚೆಗೆ ಬಂದಂತೆ ಕಾಣುವುದಿಲ್ಲ. ಪಾಠ ಹೇಳುವವನಿಗಿಂತ ಪ್ರಶ್ನೆ ಕೇಳುವವನೇ ಶಾಲೆಯ ನಿಜವಾದ ಒಡೆಯನಾಗುವನಾದುದರಿಂದ ಈ ವಿಷಯವು ವಿಚಾರಾರ್ಹವಾಗಿದೆ.

ಹಿಂದಿನ ಕಾಲದಲ್ಲಿ ಐಗಳ ಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನು ಬಾಯಿಪಾಠ ಮಾಡಿ ಒಪ್ಪಿಸುವುದೇ ಪರೀಕ್ಷೆಯಾಗಿತ್ತು. ಅಲ್ಲಿ ಪರೀಕ್ಷಕನು ಊರಿನವನೇ, ಭಾಷೆಯೂ ಊರಿನದೇ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಜನಿಸಿದ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಹಳೆಯ ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಜಗನ್ನಾಥದಾಸರು, ಇವರ ಕೃತಿಗಳು ಈ ಸೀಮೆಯಲ್ಲಿ ಕೇಳಿ, ಹಾಡಿ, ಅರ್ಥ ಹೇಳಿಸಿಕೊಂಡು ಉಳಿದುಬಂದವು. ಈ ಕಲಿಕೆಯು ಎಲ್ಲ ಜಾತಿಗಳ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನವಾಗಿ ದೊರೆಯುತ್ತಿರಲಿಲ್ಲವೆಂಬುದನ್ನು ಮರೆಯಲಾಗದು; ಆದುದರಿಂದ ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ಸರಿಯಲ್ಲ.

1853ರಲ್ಲಿ ರಾಯಚೂರು ಸೀಮೆಯು ಆಂಗ್ಲರ ಆಡಳಿತಕ್ಕೆ ಒಳಪಟ್ಟು, 1860ರಲ್ಲಿ ನಿಜಾಮರಿಗೆ ಹಿಂದಿರುಗಿತು. ಅದಾದ ಎರಡು ವರ್ಷಗಳಿಗೆ, ಎಂದರೆ 1862ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಹೊಸ ನಿಯಮಾವಳಿಯು ಜಾರಿಗೆ ಬಂದಿತು. ತನಿಖಾಧಿಕಾರಿಯು ಬಂದು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ಪರೀಕ್ಷಿಸತಕ್ಕದ್ದು. ಫಲವಿದ್ದಷ್ಟೇ ಶಾಲೆಗೆ ಧನ. ಸ್ವತಃ ಶಾಲಾ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡನು ಇದನ್ನು ಬಲವಾಗಿ ವಿರೋಧಿಸಿದನು. ಮದರಾಸು ಪ್ರಾಂತದಲ್ಲಿಯೂ ಈ ಫಲಾನುಸಾರ ಸಹಾಯಧನದ ಕ್ರಮವು ಬಳಕೆಗೆ ಬಂದಿತು. ಎಡೆದೊರೆ ನಾಡಿಗಾದರೋ ಇದರ ನೆರಳು ಆಗ ತಾಕಲಿಲ್ಲ.

ಆದರೆ ನಿಜಾಮರ ಆಳಿಕೆಯಲ್ಲಿ ಬೇರೊಂದು ಅಳತೆಗೋಲು ಬಂದಿತು. ಅದು ಉರ್ದು ಭಾಷೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮದಲ್ಲಿ ಸ್ಥಾಪಿತವಾದುದು ದೇಶಭಾಷೆಯೊಂದಕ್ಕೆ ಸಂದ ದೊಡ್ಡ ಗೌರವವೆಂಬುದು ನಿಜ. ಆದರೆ ಮಾನ್ವಿಯ ಕನ್ನಡ ಬಾಲಕನಿಗೆ ಅದು ಪರಭಾಷೆಯೇ ಆಗಿತ್ತು. ಅವನಿಗೆ ವಿಷಯ ತಿಳಿದಿದೆಯೇ ಎಂಬುದಕ್ಕಿಂತ ಮೊದಲು ಉರ್ದು ತಿಳಿದಿದೆಯೇ ಎಂಬ ಪರೀಕ್ಷೆ ನಡೆಯುತ್ತಿತ್ತು. ಇದಕ್ಕೆ ಪ್ರತಿಯಾಗಿ ಜನರ ನೆರವಿನಿಂದ ಬೇರೆ ಬಗೆಯ ಶಾಲೆಗಳು ಹುಟ್ಟಿದವು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಸ್ಥಾಪಿಸಿದ ಹಮ್‌ದರ್ದ್ ಶಾಲೆಯು ಅವುಗಳಲ್ಲಿ ಪ್ರಸಿದ್ಧವಾದುದು. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ಸೇರಿದಾಗ ಅಧ್ಯಕ್ಷರಾಗಿದ್ದವರು ಪಂಜೆ ಮಂಗೇಶರಾಯರು. ವಿದ್ಯಾ ಇಲಾಖೆಯಲ್ಲಿ ಶಾಲೆಗಳ ತನಿಖೆ ಮಾಡುತ್ತಿದ್ದವರೇ ಮಕ್ಕಳಿಗಾಗಿ ಪದ್ಯ ಕಟ್ಟಿದರೆಂಬುದು ಇಲ್ಲಿ ಸ್ಮರಣೀಯವಾಗಿದೆ.

1956ರಲ್ಲಿ ರಾಯಚೂರು ಕನ್ನಡ ರಾಜ್ಯವನ್ನು ಸೇರಿದ ಮೇಲೆ ಭಾಷೆಯ ತೊಡಕು ಬಹುಮಟ್ಟಿಗೆ ನೀಗಿತು. ಆದರೆ 1862ರ ವಿಚಾರವು ನೂರನಾಲ್ವತ್ತು ವರ್ಷಗಳ ತರುವಾಯ, ಸೌಮ್ಯರೂಪದಲ್ಲಿ, ಈ ನಾಡಿಗೂ ಬಂದಿತು. 2002ರಲ್ಲಿ ರಾಜ್ಯ ಸರಕಾರವೂ, ವಿಪ್ರೊ ಉದ್ಯಮದ ಅಜೀಂ ಪ್ರೇಮ್‌ಜಿಯವರು ಸ್ಥಾಪಿಸಿದ ಪ್ರತಿಷ್ಠಾನವೂ ಕೂಡಿ ರಾಯಚೂರು ಮೊದಲಾದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಕಲಿಕಾ ಖಾತರಿ ಯೋಜನೆಯನ್ನು ಆರಂಭಿಸಿದವು. ದಾಖಲಾತಿ, ಹಾಜರಿ, ಕಲಿಕೆ ಈ ಮೂರರಲ್ಲಿ ಗೊತ್ತಾದ ಮಟ್ಟ ಮುಟ್ಟಿದ ಶಾಲೆಗೆ ನಗದು ಬಹುಮಾನ. ಒತ್ತಾಯವಿರಲಿಲ್ಲ, ಆಹ್ವಾನವಿದ್ದ ಒಂಬತ್ತು ಸಾವಿರಕ್ಕೂ ಮಿಕ್ಕ ಶಾಲೆಗಳಲ್ಲಿ ಮೊದಲ ವರ್ಷ 896 ಮಾತ್ರ ಮುಂದೆ ಬಂದವು. ಯೋಜಕರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಕಂಠಪಾಠಕ್ಕಿಂತ ಗ್ರಹಿಕೆಗೆ ಬೆಲೆ ಕೊಡಬೇಕೆಂಬುದೇ ಅವರ ಆಶಯವಾಗಿತ್ತು.

ಆದರೆ ಅದೇ 2002ರಲ್ಲಿ ಇನ್ನೊಂದು ಅಳತೆಯೂ ನಡೆದಿತ್ತು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಪ್ರಾದೇಶಿಕ ಅಸಮಾನತೆಯನ್ನು ಕುರಿತ ತನ್ನ ವರದಿಯಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿರಿಸಿತು. ಒಂದು ಅಳತೆ ಮಗುವಿನದು, ಇನ್ನೊಂದು ರಾಜ್ಯದ್ದು. ಮೊದಲನೆಯದು ಶಾಲೆ ಏನು ಸಾಧಿಸಿತೆಂದು ಕೇಳಿತು. ಎರಡನೆಯದು ಶಾಲೆಗೆ ಏನು ಸಂದಿತೆಂದು ಕೇಳಿತು. ಮಳೆ ತಪ್ಪಿದಾಗ ತಂದೆತಾಯಿಗಳೊಡನೆ ಗುಳೆ ಹೋಗುವ ಮಗುವಿನ ಹಾಜರಿಯು ಗುರುವಿನ ಯೋಗ್ಯತೆಗೆ ಸಾಕ್ಷಿಯಾಗಲಾರದು. ಎರಡನೆಯ ಲೆಕ್ಕವನ್ನು ಮುಚ್ಚಿಟ್ಟು ಮೊದಲನೆಯದನ್ನು ಮಾತ್ರ ಓದಿದರೆ ಬಡತನವು ದಡ್ಡತನವಾಗಿ ತೋರುವುದು.

ಮುಂದೆ ಸರಕಾರವೇ ಶಾಲೆಗಳ ಗುಣಮಟ್ಟವನ್ನು ಅಳೆಯುವ ಸಂಸ್ಥೆಯನ್ನು ಕಟ್ಟಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಕಟ್ಟು ಯಾವ ಮಗುವಿಗೂ ಇರಕೂಡದೆಂದು ವಿಧಿಸಿದ್ದರೂ, 2023–24ರಲ್ಲಿ 5, 8, 9ನೆಯ ತರಗತಿಗಳಿಗೂ ಅಂಥ ಪರೀಕ್ಷೆ ನಡೆಯಿತು; ಅದರ ಫಲಿತಾಂಶಕ್ಕೆ 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿತು. ಸ್ವೇಚ್ಛೆಯಿಂದ ಮೊದಲಾದ ಅಳತೆಯ ಅಭ್ಯಾಸವು ಎರಡೇ ದಶಕಗಳಲ್ಲಿ ಕಡ್ಡಾಯದ ಕಡೆಗೆ ಸರಿಯಿತೆಂಬುದು ಇದರಿಂದ ವಿದಿತವಾಗುವುದು.

ದಾನವು ನಿಂದ್ಯವಲ್ಲ, ಹಮ್‌ದರ್ದ್ ಶಾಲೆ ಬೆಳೆದುದೂ ಜನರ ಆಸರೆಯಿಂದಲೇ. 2024ರಲ್ಲಿ ಅದೇ ಪ್ರೇಮ್‌ಜಿ ಪ್ರತಿಷ್ಠಾನವು ಸರಕಾರಿ ಶಾಲೆಯ ಮಕ್ಕಳಿಗೆ ವಾರದಲ್ಲಿ ಎರಡು ದಿನ ದೊರೆಯುತ್ತಿದ್ದ ಮೊಟ್ಟೆಯನ್ನು ಆರು ದಿನಗಳಿಗೆ ವಿಸ್ತರಿಸಲು ಧನ ನೀಡಿತು. ಆ ಮೊಟ್ಟೆಗೆ ಅಂಕಗಳ ಕಟ್ಟಳೆಯಿಲ್ಲ. ಹಸಿದ ಮಗುವಿಗೆ ಅನ್ನ, ಶಾಲೆಗೆ ಗುರು, ಕೈಗೆ ಪುಸ್ತಕ, ಇವು ಮೊದಲು ಸಲ್ಲಬೇಕು, ಅಳತೆಯು ಅನಂತರದ್ದು. ಈ ಕ್ರಮವು ತಲೆಕೆಳಗಾದಾಗಲೆಲ್ಲ, ಅಳೆಯುವವನು ದೊರೆಯಾಗಿರಲಿ ದಾನಿಯಾಗಿರಲಿ, ಎಡೆದೊರೆ ನಾಡಿನ ಮಗು ತನ್ನದಲ್ಲದ ಸೋಲನ್ನು ಹೊತ್ತು ಮನೆಗೆ ಮರಳಿದೆ.