ಮನೆಯಲ್ಲಿ ಆಕ್ಸಿಜನ್ ಯಂತ್ರ: ದೀಪ, ಸ್ಟವ್‌ನಿಂದ ಎಷ್ಟು ದೂರ ಇಡಬೇಕು?

ದೀರ್ಘಕಾಲದ ಶ್ವಾಸಕೋಶ ರೋಗಿಗಳಿಗೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸಲು ವೈದ್ಯರು ಸೂಚಿಸುವುದುಂಟು. ಗಾಳಿಯಲ್ಲಿ ಸುಮಾರು ಶೇ.21ರಷ್ಟಿರುವ ಆಮ್ಲಜನಕವನ್ನು ಸಾರಜನಕದಿಂದ ಬೇರ್ಪಡಿಸಿ ಶೇ.90ರ ಆಸುಪಾಸಿನ ಶುದ್ಧತೆಯಲ್ಲಿ ಈ ಯಂತ್ರ ಕೊಡುತ್ತದೆ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಆದರೆ ಅದು ತುಂಬಿಕೊಂಡ ಬಟ್ಟೆ, ಹಾಸಿಗೆ, ಕೂದಲಿಗೆ ಕಿಡಿ ತಗುಲಿದರೆ ಬೆಂಕಿ ಕ್ಷಣಾರ್ಧದಲ್ಲಿ ಹರಡುತ್ತದೆ.

* ಬೆಂಕಿ: ಗ್ಯಾಸ್ ಸ್ಟವ್, ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿಯಿಂದ ಯಂತ್ರ ಮತ್ತು ರೋಗಿ ಕನಿಷ್ಠ 3 ಮೀಟರ್ ದೂರವಿರಲಿ. ಮನೆಯೊಳಗೆ ಯಾರೂ ಬೀಡಿ, ಸಿಗರೇಟ್ ಸೇದಬಾರದು. ಯಂತ್ರ ನಿಲ್ಲಿಸಿದ ಬಳಿಕವೂ ಅರ್ಧ ಗಂಟೆ ರೋಗಿ ಒಲೆಯ ಹತ್ತಿರ ಹೋಗದಿರುವುದು ಒಳಿತು.

* ಜಾಗ: ಗೋಡೆ, ಪರದೆಯಿಂದ ಒಂದು ಅಡಿ ಬಿಟ್ಟು, ಗಾಳಿಯಾಡುವ ಕಡೆ ಇಡಿ. ಚಾಲೂ ಇರುವಾಗ ಟ್ಯೂಬನ್ನು ಹೊದಿಕೆಯ ಮೇಲೆ ಬಿಡಬೇಡಿ.

* ವಿದ್ಯುತ್: ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಗೋಡೆಯ ಸಾಕೆಟ್‌ಗೇ ಜೋಡಿಸಿ. ಕರೆಂಟ್ ಹೋದರೆ ಬಳಸಲು ಸಿಲಿಂಡರ್ ಸಿದ್ಧವಿರಲಿ. ಅದು ಉರುಳದಂತೆ ನಿಲ್ಲಿಸಿ ಕಟ್ಟಿರಬೇಕು.

* ಎಣ್ಣೆ: ಮೂಗು ಒಣಗಿತೆಂದು ಕೊಬ್ಬರಿ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ. ನೀರಿನಂಶದ ಜೆಲ್ ಸಾಕು.

* ಪ್ರಮಾಣ: ಉಸಿರುಗಟ್ಟುತ್ತಿದೆ ಎಂದು ವೈದ್ಯರನ್ನು ಕೇಳದೆ ಹರಿವು ಹೆಚ್ಚಿಸಬೇಡಿ. ಸಿಒಪಿಡಿ ಇರುವವರಿಗೆ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಬಹುದು. ಬೆಳಗಿನ ತಲೆನೋವು, ವಿಪರೀತ ಮಂಪರು, ಗೊಂದಲ ಅದರ ಲಕ್ಷಣಗಳು. ಇವು ಕಂಡರೆ ತಡಮಾಡದೆ ವೈದ್ಯರನ್ನು ಸಂಪರ್ಕಿಸಿ.