ಯೂನಿಕ್ಸ್ ಗಣಕದ ದಿನಚರಿ: ಸಂದೇಶ ದಾಖಲೆಗಳ ಅರಿವು ಮತ್ತು ನಿರ್ವಹಣೆ

ಕಚೇರಿಯ ಸರ್ವರ್ ರಾತ್ರೋರಾತ್ರಿ ನಿಂತುಹೋದರೆ ಬೆಳಿಗ್ಗೆ ಏಳುವ ಮೊದಲ ಪ್ರಶ್ನೆ: ನಡೆದದ್ದೇನು? ಲಿನಕ್ಸ್, ಬಿಎಸ್‌ಡಿ ಮುಂತಾದ ಯೂನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಇದಕ್ಕೆ ಉತ್ತರ ಬಹುಮಟ್ಟಿಗೆ ಲಾಗ್ ಕಡತಗಳಲ್ಲಿ, ಅಂದರೆ ಸಂದೇಶ ದಾಖಲೆಗಳಲ್ಲಿ ದೊರೆಯುತ್ತದೆ. ಆದರೆ ಬೇಕಾದಾಗ ಅವು ಉಳಿದಿರಬೇಕಷ್ಟೆ.

ಈ ಏರ್ಪಾಡಿನ ಮೂಲ 'ಸಿಸ್‌ಲಾಗ್'. 1980ರ ದಶಕದಲ್ಲಿ ಅಮೆರಿಕದ ಎರಿಕ್ ಆಲ್ಮನ್ ಅವರು ತಮ್ಮ 'ಸೆಂಡ್‌ಮೇಲ್' ಮಿಂಚಂಚೆ ತಂತ್ರಾಂಶಕ್ಕಾಗಿ ಇದನ್ನು ರೂಪಿಸಿದರು. ಕ್ರಮೇಣ ಇತರ ತಂತ್ರಾಂಶಗಳೂ ಇದನ್ನೇ ಬಳಸತೊಡಗಿದವು. 2009ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5424 ಸಂದೇಶಗಳ ಸ್ವರೂಪಕ್ಕೆ ಮಾನಕವನ್ನು ಒದಗಿಸಿತು.

ಪ್ರತಿ ಸಂದೇಶಕ್ಕೂ ಎರಡು ಗುರುತುಗಳಿರುತ್ತವೆ. ಮೊದಲನೆಯದು ಸಂದೇಶದ ಮೂಲ: ಕರ್ನಲ್, ಮಿಂಚಂಚೆ, ಲಾಗಿನ್ ಇತ್ಯಾದಿ. ಎರಡನೆಯದು ತೀವ್ರತೆ; ಇದನ್ನು 0ಯಿಂದ 7ರವರೆಗಿನ ಅಂಕಿಗಳು ಸೂಚಿಸುತ್ತವೆ. 0 ಎಂದರೆ ವ್ಯವಸ್ಥೆಯೇ ಬಳಕೆಗೆ ಬಾರದ ಸ್ಥಿತಿ, 3 ದೋಷ, 4 ಎಚ್ಚರಿಕೆ, 7 ದೋಷಶೋಧನೆಗೆ ಬೇಕಾಗುವ ಸೂಕ್ಷ್ಮ ವಿವರ. ಅಂಕಿ ಕಿರಿದಾದಷ್ಟೂ ಅಪಾಯ ಹಿರಿದು.

ಈ ಕಡತಗಳು ಸಾಮಾನ್ಯವಾಗಿ 'ವಾರ್' ಕೋಶದೊಳಗಿನ 'ಲಾಗ್' ಉಪಕೋಶದಲ್ಲಿರುತ್ತವೆ. ಮುಖ್ಯ ಕಡತದ ಹೆಸರು ರೆಡ್ ಹ್ಯಾಟ್ ಬಳಗದಲ್ಲಿ 'ಮೆಸೇಜಸ್', ಉಬುಂಟುವಿನಲ್ಲಿ 'ಸಿಸ್‌ಲಾಗ್'. 'ಸಿಸ್ಟಮ್‌ಡಿ' ಅಳವಡಿಸಿರುವ ಲಿನಕ್ಸ್‌ಗಳಲ್ಲಿ 'ಜರ್ನಲ್‌ಸಿಟಿಎಲ್' ಆಜ್ಞೆಯ ಮೂಲಕ ಕಾಲ ಹಾಗೂ ತೀವ್ರತೆಗೆ ಅನುಗುಣವಾಗಿ ಸಂದೇಶಗಳನ್ನು ಹೆಕ್ಕಿ ಓದಬಹುದು.

ದಾಖಲೆಗಳು ಬೆಳೆಯುತ್ತಲೇ ಹೋದರೆ ಡಿಸ್ಕ್ ತುಂಬಿ ಸರ್ವರ್ ಸ್ಥಗಿತಗೊಳ್ಳಬಹುದು. ಹಾಗೆಂದು ಕಡತವನ್ನು ಕೈಯಾರೆ ಅಳಿಸುವುದು ಪರಿಹಾರವಲ್ಲ. ಯಾವುದಾದರೂ ತಂತ್ರಾಂಶ ಅದನ್ನು ತೆರೆದಿಟ್ಟುಕೊಂಡಿದ್ದರೆ, ಅಳಿಸಿದ ಮೇಲೂ ಜಾಗ ತೆರವಾಗುವುದಿಲ್ಲ. ಈ ಕೆಲಸಕ್ಕೆಂದೇ 'ಲಾಗ್‌ರೊಟೇಟ್' ಇದೆ. ಅದು ನಿಗದಿತ ಅವಧಿಗೊಮ್ಮೆ ಹಳೆಯ ಕಡತವನ್ನು ಬದಿಗಿಟ್ಟು ಹೊಸದನ್ನು ತೆರೆಯುತ್ತದೆ. ಅವಧಿ ಮೀರಿದವನ್ನು ಅಳಿಸುತ್ತದೆ.

ಗಮನಿಸಬೇಕಾದ ಅಂಶ ಇಲ್ಲಿದೆ. ರೆಡ್ ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ಇದರ ಮೂಲ ಹೊಂದಾಣಿಕೆ ವಾರಕ್ಕೊಮ್ಮೆ, ನಾಲ್ಕು ಹಳೆಯ ಪ್ರತಿಗಳು. ಅಂದರೆ ಸುಮಾರು ಒಂದು ತಿಂಗಳ ದಾಖಲೆ. ಆದರೆ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನವು ಕಂಪನಿಗಳು, ಡೇಟಾ ಕೇಂದ್ರಗಳು ಹಾಗೂ ಸರ್ಕಾರಿ ಸಂಸ್ಥೆಗಳು 180 ದಿನಗಳ ದಾಖಲೆಯನ್ನು ಸುರಕ್ಷಿತವಾಗಿ ಕಾಯ್ದಿಡಬೇಕೆಂದು ವಿಧಿಸಿದೆ. ಹೊಂದಾಣಿಕೆಯನ್ನು ಬದಲಿಸದಿದ್ದರೆ ಉಳಿದ ಐದು ತಿಂಗಳ ಪುರಾವೆ ಸದ್ದಿಲ್ಲದೆ ಅಳಿದುಹೋಗುತ್ತದೆ.

ಒಳನುಸುಳಿದವರು ಮೊದಲು ಅಳಿಸಲೆತ್ನಿಸುವುದೂ ತಮ್ಮ ಜಾಡನ್ನೇ. ಆದ್ದರಿಂದ ಸಂದೇಶಗಳ ಪ್ರತಿಯನ್ನು ಆಗಿಂದಾಗ್ಗೆ ಪ್ರತ್ಯೇಕ ಗಣಕಕ್ಕೆ ರವಾನಿಸುವುದು ಕ್ಷೇಮ. ಎಲ್ಲ ಗಣಕಗಳ ಗಡಿಯಾರಗಳೂ ಒಂದೇ ಸಮಯ ತೋರುವಂತಿರಬೇಕು; ಇಲ್ಲವಾದರೆ ಘಟನೆಗಳ ಕ್ರಮವೇ ತಿಳಿಯದು. ಈ ಸಿದ್ಧತೆ ತೊಂದರೆ ಬರುವ ಮುನ್ನವೇ ಆಗಬೇಕು. ಬರೆದಿಡದ ದಾಖಲೆಯನ್ನು ಆಮೇಲೆ ಯಾರೂ ತಂದುಕೊಡಲಾರರು.